ಎರಡನೆಯ ಗೋಲ್‌ಕೀಪರ್ ಹೊಡೆಯುವ ಚೆಂಡು

ನವಲಗುಂದ, ಹೊರಡುವ ಮೊದಲು

ಅವತ್ತು ಮಳೆ ಬರುತ್ತಿತ್ತು ಎಂದು ಈ ಬರಹದ ಮೊದಲ ಸಾಲು ಬರೆದಿದ್ದೆ. ಫೋನಿನಲ್ಲಿ ಓದಿ ಹೇಳಿದಾಗ ರುಬೀನಾ, "ಮಳಿ ಎಲ್ಲಿತ್ರಿ ಮಾಮು? ಅಗದಿ ಬಿಸಲಿತ್ತು. ತಲಿ ಮ್ಯಾಲೆ ಟವೆಲ್ ಹಾಕ್ಕೊಂಡು ಕುಂತಿದ್ರಿ ನೀವು" ಎಂದಳು. ಟವೆಲ್ ಹಾಕಿಕೊಂಡದ್ದು ನನಗೂ ನೆನಪಿದೆ. ಮಳೆಗೆಂದು ನಾನು ಹೇಳುತ್ತೇನೆ, ಬಿಸಿಲಿಗೆಂದು ಅವಳು ಹೇಳುತ್ತಾಳೆ. ಆದ್ದರಿಂದ ಹವಾಮಾನವನ್ನು ಓದುವವರು ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಉಳಿದದ್ದರಲ್ಲಿ ನಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರ ಬಾಯಿಂದ ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆಯಲು ನೋಡುತ್ತೇನೆ.

ರುಬೀನಾ ನನ್ನ ತಂಗಿ ಖೈರುನ್ನಿಸಾಳ ಮಗಳು. ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿ ಓದಿದಳು. ಮುಂದಿನ ಓದಿಗೆ ಪೋರ್ಚುಗಲ್ಲಿಗೆ ಹೋದವಳು ಅಲ್ಲಿಯೇ ಉತ್ತರದ ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಕೆಲಸಕ್ಕೆ ನಿಂತಳು. ಆಟಗಾರರ ಮಂಡಿ, ತೊಡೆ, ಕೀಲುಗಳನ್ನು ನೋಡಿಕೊಳ್ಳುವ ಕೆಲಸ. ಕ್ಲಬ್ಬು ದೊಡ್ಡದಲ್ಲ, ಆ ದೇಶದ ಎರಡನೆಯ ದರ್ಜೆಯದು. ಆದರೂ ಅಲ್ಲಿ ಆಡುವವರಿಗೆ ಆಟವೇ ಹೊಟ್ಟೆಪಾಡು.

ಅವಳು ತಾಯಿಯನ್ನು ಕರೆದಳು. ಖೈರು ಜಮಖಾನ ನೇಯುವವಳು. ಮಗ್ಗದ ಮೇಲೆ ಅರ್ಧ ಏರಿದ್ದ ಜಮಖಾನವನ್ನು ಫೋನಿಗೆ ತೋರಿಸಿ, "ಇದನ್ನ ಬಿಟ್ಟು ನಾ ಎಲ್ಲಿ ಬರ್ಲಿ? ನಿಮ್ಮ ಮಾಮೂನ್ನ ಕಳಸ್ತೀನಿ ತಡಿ. ಬರಿಯೂದು ಬಿಟ್ರ ಅವಂಗೇನ ಕೆಲಸೈತಿ" ಎಂದಳು. ನಮ್ಮ ಮನೆಯಲ್ಲಿ ಮಾತು ಉರ್ದು. ತಮಾಷೆಗೆ ಮತ್ತು ಜಗಳಕ್ಕೆ ಮಾತ್ರ ಕನ್ನಡ. ಇದನ್ನು ಅವಳು ಕನ್ನಡದಲ್ಲಿ ಹೇಳಿದಳು.

ಫುಟ್‌ಬಾಲಿನ ಬಗ್ಗೆ ನನಗೆ ತಿಳಿದಿದ್ದದ್ದು ಇಷ್ಟೇ: ಚೆಂಡನ್ನು ಕೈಯಲ್ಲಿ ಹಿಡಿಯಬಹುದಾದವನು ಒಬ್ಬನೇ, ಉಳಿದವರು ಹಿಡಿಯಬಾರದು. ಆ ಒಬ್ಬನ ಬಗ್ಗೆಯೇ ಬರೆಯಬೇಕಾದೀತೆಂದು ಆಗ ಎಣಿಸಿರಲಿಲ್ಲ. ಒಬ್ಬ ಎಂದದ್ದೂ ತಪ್ಪು. ಇಬ್ಬರು.

ಪೋರ್ಟೊ ವಿಮಾನ ನಿಲ್ದಾಣ

ಖೈರು ನನ್ನ ಚೀಲದಲ್ಲಿ ಶೇಂಗಾ ಚಟ್ನಿಪುಡಿ ಮತ್ತು ಕಡಕ್ ಜೋಳದ ರೊಟ್ಟಿಯ ಒಂದು ದೊಡ್ಡ ಕಟ್ಟು ತುಂಬಿದ್ದಳು. ತಪಾಸಣೆಯವನು ಕಟ್ಟು ಬಿಚ್ಚಿ ಒಂದು ರೊಟ್ಟಿ ಎತ್ತಿದ. ಬೆಳಕಿಗೆ ಹಿಡಿದು ನೋಡಿದ. ಉಗುರಿನಿಂದ ಬಡಿದ. ಟಣ್ ಎಂದಿತು. ಪಕ್ಕದವನನ್ನು ಕರೆದ. ಅವನೂ ಬಡಿದ. ಇಬ್ಬರೂ ನನ್ನ ಮುಖ ನೋಡಿದರು.

ಇದು ತಿನ್ನುವ ವಸ್ತು ಎಂದು ಯಾವ ಭಾಷೆಯಲ್ಲಿ ಹೇಳಿದರೂ ಆ ಟಣ್ ಎಂಬ ಸದ್ದಿನ ಎದುರು ನಿಲ್ಲುತ್ತಿರಲಿಲ್ಲ. ಅಂಚು ಮುರಿದು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಮೊದಲನೆಯವನು ತಾನೂ ಒಂದು ಚೂರು ಮುರಿದುಕೊಂಡು, ಗಂಭೀರವಾಗಿ ಅಗಿಯುತ್ತಲೇ, ಹೋಗು ಎಂಬಂತೆ ಕೈ ಬೀಸಿದ. ಬಾಗಿಲ ಆಚೆ ನಿಂತು ಇದನ್ನೆಲ್ಲ ಗಾಜಿನಲ್ಲಿ ನೋಡುತ್ತಿದ್ದ ರುಬೀನಾ ನಗುತ್ತ ನನ್ನ ಚೀಲ ತೆಗೆದುಕೊಂಡಳು.

"ಅಮ್ಮಿ ರೊಟ್ಟಿ ಕೊಟ್ಟಾಳೋ, ಹಂಚು ಕೊಟ್ಟಾಳೋ?"

"ನೀನ ಬಡದ ನೋಡ ಬೇ" ಎಂದೆ.

ಕಾಫಿ ಅಂಗಡಿ

ರುಬೀನಾಳ ಊರು ಕಲ್ಲಿನ ಊರು. ಗೋಡೆ, ಬೇಲಿ, ಮೆಟ್ಟಿಲು, ದ್ರಾಕ್ಷಿ ಬಳ್ಳಿಗೆ ಊರಿದ ಕಂಬ, ಎಲ್ಲ ಬೂದು ಬಣ್ಣದ ಕಲ್ಲು. ನಮ್ಮ ಎರೆಭೂಮಿಯಲ್ಲಿ ಒಂದು ಕಲ್ಲು ಬೇಕೆಂದರೆ ಹುಡುಕಬೇಕು. ಅಲ್ಲಿ ಒಂದು ಹಿಡಿ ಮಣ್ಣಿಗೆ ಹುಡುಕಬೇಕೇನೋ ಎನಿಸಿತು.

ಮನೆಯೊಡತಿ ಮೊದಲ ದಿನ ಸ್ವಾಗತಕ್ಕೆ ಬಂದು ಕೆನ್ನೆ ಮುಂದೆ ಚಾಚಿದಳು. ಅಲ್ಲಿ ಪರಿಚಯದ ಹೆಂಗಸರು ಗಂಡಸರು ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಬಾರಿ ಮುತ್ತಿಡುವ ರೂಢಿ. ನಾನು ಹಿಂದೆ ಸರಿದೆ. ಅವಳು ಮುಂದೆ ಬಂದಳು. ಮತ್ತೂ ಸರಿದೆ. ಹೂವಿನ ಕುಂಡವೊಂದು ಒಡೆಯಿತು. ಆಮೇಲೆ ಆಕೆ ನನ್ನನ್ನು ಕಂಡಾಗಲೆಲ್ಲ ದೂರದಿಂದಲೇ ಎರಡೂ ಕೈ ಮೇಲೆತ್ತಿ, ಏನೂ ಮಾಡುವುದಿಲ್ಲ ಎಂದು ತೋರಿಸಿ ನಗುತ್ತಿದ್ದಳು.

ರುಬೀನಾ ಕೆಲಸಕ್ಕೆ ಹೋದಾಗ ನಾನು ಕೆಳಗಿನ ಕಾಫಿ ಅಂಗಡಿಯಲ್ಲಿ ಕೂಡುತ್ತಿದ್ದೆ. ಕಾಫಿ ಎಂದರೆ ಕಣ್ಣಿಗೆ ಬಿಡುವ ಔಷಧಿಯಷ್ಟು. ಅದರ ಜೊತೆಗೆ ಒಂದು ಬಟ್ಟಲಲ್ಲಿ ಉಪ್ಪುನೀರಲ್ಲಿ ನೆನೆಸಿದ ಹಳದಿ ಕಾಳು ಇಡುತ್ತಾರೆ. ನಾನು ಸಿಪ್ಪೆ ಸಮೇತ ಜಗಿದು ನುಂಗಿದೆ. ಪಕ್ಕದ ಮುದುಕ ತಡೆಯಲಾರದೆ ಎದ್ದು ಬಂದು, ಒಂದು ಕಾಳನ್ನು ಹಲ್ಲಿಗೆ ಕಚ್ಚಿ, ಬೆರಳಲ್ಲಿ ಒತ್ತಿ, ಸಿಪ್ಪೆ ಕೈಯಲ್ಲಿ ಉಳಿದು ಕಾಳು ಮಾತ್ರ ಬಾಯೊಳಗೆ ಹಾರುವಂತೆ ಮಾಡಿ ತೋರಿಸಿದ. ಶೇಂಗಾ ಸುಲಿಯದೆ ತಿನ್ನುವವನನ್ನು ಕಂಡರೆ ನಾವೂ ಹೀಗೇ ಎದ್ದು ಹೋಗುತ್ತೇವೆ.

ಆ ಮುದುಕರಿಗೆ ಆ ವಾರ ಒಂದೇ ಮಾತು. ಋತುವಿನ ಕೊನೆಯ ಪಂದ್ಯ. ಸೋತರೆ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿಯುತ್ತದೆ. ಸಮ ಮಾಡಿಕೊಂಡರೂ ಸಾಕು, ಉಳಿಯುತ್ತದೆ. ಗೋಡೆಯ ಮೇಲೆ ಟಿಯಾಗೊನ ಚಿತ್ರ. ಇಪ್ಪತ್ತೆರಡರ ಹುಡುಗ, ಗೋಲ್‌ಕೀಪರ್. ದೊಡ್ಡ ಕ್ಲಬ್ಬಿನವರು ಅವನನ್ನು ನೋಡಿಹೋಗಲು ಆ ದಿನ ಬರುತ್ತಾರೆಂಬ ಸುದ್ದಿ. ಮುದುಕರು ನನಗೆ ಬೆರಳಿನಿಂದ ಚಿತ್ರ ತೋರಿಸಿ, ಎರಡೂ ಕೈಗಳಿಂದ ವಿಮಾನ ಹಾರಿಸಿ, ಅವನು ಹೋಗಿಬಿಡುತ್ತಾನೆ ಎಂದು ಸಂಕಟಪಟ್ಟರು.

ಆಗಲೇ ಒಬ್ಬ ಎತ್ತರದ ಮನುಷ್ಯ ಬಂದು, ನಿಂತೇ ಕಾಫಿ ಕುಡಿದು, ಲೋಟ ತಾನೇ ಒಳಗಿಟ್ಟು ಹೋದ. ಯಾರೂ ತಲೆ ಎತ್ತಲಿಲ್ಲ. ಸಂಜೆ ಅವನ ಮೂಗಿನ ಓರೆಯನ್ನು ವರ್ಣಿಸಿದಾಗ ರುಬೀನಾ, "ಅಂವ ಅರ್ಮಾಂಡೊ ರಿ, ಎರಡನೇ ಗೋಲ್‌ಕೀಪರ್" ಎಂದಳು.

ಅಭ್ಯಾಸದ ಮೈದಾನ

ಮರುದಿನ ಅವಳು ನನ್ನನ್ನು ಅಭ್ಯಾಸ ನೋಡಲು ಕರೆದೊಯ್ದಳು. ಉಳಿದವರೆಲ್ಲ ಒಂದು ಕಡೆ ಓಡುತ್ತಿದ್ದರೆ, ಗೋಲ್‌ಕೀಪರುಗಳು ಬೇರೆಯೇ ಒಂದು ಮೂಲೆಯಲ್ಲಿ ಬೀಗರ ಮನೆಗೆ ಬಂದವರ ಹಾಗೆ ಇರುತ್ತಾರೆ. ಅರ್ಮಾಂಡೊ ಚೆಂಡನ್ನು ಒದೆಯುತ್ತಿದ್ದ, ಟಿಯಾಗೊ ಹಾರಿ ಹಿಡಿಯುತ್ತಿದ್ದ. ಎಡಕ್ಕೆ, ಬಲಕ್ಕೆ, ನೆಲಕ್ಕೆ, ಮೇಲಕ್ಕೆ. ಹುಡುಗ ಕೆಸರಾಗಿ ಎದ್ದಾಗ ಅರ್ಮಾಂಡೊ ಏನೋ ಅನ್ನುತ್ತಿದ್ದ, ಹುಡುಗ ಬೈಯುತ್ತಿದ್ದ, ಮತ್ತೆ ಒದೆಯುತ್ತಿದ್ದ.

"ಈ ಅರ್ಮಾಂಡೊ ಯಾವಾಗ ಆಡ್ತಾನ?" ಎಂದು ಕೇಳಿದೆ.

"ಈ ವರ್ಷ ಒಂದ ಮ್ಯಾಚೂ ಆಡಿಲ್ಲ್ರಿ. ಗೋಲಿನ್ಯಾಗ ನಿಂದ್ರೂ ಜಾಗಾ ಒಂದ ಅಲ್ಲೇನ್ರಿ. ಟಿಯಾಗೊಗ ಪೆಟ್ಟಾಗ್ಬೇಕು, ಇಲ್ಲಾ ಅಂವ ಕೆಟ್ಟ ಆಡ್ಬೇಕು, ಅಂದ್ರ ಇವಂಗ ಪಾಳಿ. ಇದೊಂದು ಮ್ಯಾಚ್ ಮುಗದ್ರ ಆಟಾನ ಬಿಡಾಂವ ಅದಾನ."

"ಆಡೂದಿಲ್ಲ ಅಂದಮ್ಯಾಲೆ ಇಷ್ಟ್ಯಾಕ ಬೆವರ ಸುರಸ್ತಾನ?"

"ಟಿಯಾಗೊಗ ಪ್ರಾಕ್ಟೀಸ್ ಮತ್ತ್ಯಾರ ಕೊಡಬೇಕ್ರಿ?"

ನನಗೆ ಇದು ಬಿಡಿಸಲಾಗದಂತೆ ಕಂಡಿತು. ತನ್ನ ಜಾಗದಲ್ಲಿ ಕುಳಿತವನನ್ನು ದಿನವೂ ಇನ್ನಷ್ಟು ಗಟ್ಟಿ ಮಾಡುವುದೇ ಒಬ್ಬನ ಕೆಲಸ. ಅವನು ಚೆನ್ನಾಗಿ ಮಾಡಿದಷ್ಟೂ ಅವನಿಗೆ ಆಟವಿಲ್ಲ. ರುಬೀನಾ ಇನ್ನೂ ಒಂದು ಸಂಗತಿ ಹೇಳಿದಳು. ವಾರವೆಲ್ಲ ಅರ್ಮಾಂಡೊ ಹುಡುಗನಿಗೆ ಸಿಕ್ಕದ ಹಾಗೆ ಒದೆಯುತ್ತಾನೆ. ಪಂದ್ಯದ ದಿನ, ಆಟ ಶುರುವಾಗುವ ಮುಂಚಿನ ತಯಾರಿಯಲ್ಲಿ ಮಾತ್ರ, ಕೊನೆಕೊನೆಯ ಚೆಂಡುಗಳನ್ನು ಸೀದಾ ಕೈಗೇ ಬರುವ ಹಾಗೆ ಒದೆಯುತ್ತಾನೆ. ಎಲ್ಲ ಕಡೆ ಹಾಗೇ ಮಾಡುತ್ತಾರಂತೆ. ಒಳಗೆ ಹೋಗುವವನ ಕೈಗೆ ಹಿಡಿದ ಸುಖ ಇರಬೇಕು ಎಂದು.

ನನಗೆ ಕೂಡಲೇ ಮಗ್ಗ ನೆನಪಾಯಿತು. ನಮ್ಮಲ್ಲಿ ಅಗಲದ ಜಮಖಾನ ನೇಯಲು ಒಂದೇ ಮಗ್ಗಕ್ಕೆ ಇಬ್ಬರು ಹೆಂಗಸರು ಕೂಡುತ್ತಾರೆ. ಕೈ ಚುರುಕಿದ್ದವಳು ನಿಧಾನದವಳಿಗಾಗಿ ಕಾಯಬೇಕು, ಇಲ್ಲವಾದರೆ ಗೆರೆ ಓರೆಯಾಗುತ್ತದೆ. ಎಷ್ಟು ಚೆಂದದ ಹೋಲಿಕೆ ಎಂದು ಹಿಗ್ಗಿ ಅವತ್ತೇ ಖೈರುಗೆ ಫೋನ್ ಮಾಡಿದೆ.

"ನಾ ಯಾವಾಗ ಕಾದೀನಿ?" ಎಂದಳು ಅವಳು. "ಆಕಿ ಹಿಂದ ಬಿದ್ರ ಬೈತೀನಿ. ನೀ ಬರಿಯೂದ ಇಂಥಾದ್ದೇನ?"

ಹೋಲಿಕೆ ಅಲ್ಲಿಗೇ ಬಿತ್ತು. ಆದರೂ ಇಲ್ಲಿ ಬರೆದಿದ್ದೇನೆ, ಏಕೆಂದರೆ ಅದನ್ನು ಬಿಟ್ಟು ನಾನು ಆ ಇಬ್ಬರನ್ನು ನೋಡಲಾಗಲಿಲ್ಲ.

ಗೋಲಿನ ಹಿಂದೆ

ಪಂದ್ಯದ ದಿನ ಮಧ್ಯಾಹ್ನವೇ ಊರು ಬಾಗಿಲು ಹಾಕಿತು. ರುಬೀನಾ ನನಗೆ ಗೋಲಿನ ಹಿಂದೆ, ಮೊದಲ ಸಾಲಿನಲ್ಲಿ ಜಾಗ ಮಾಡಿಸಿದ್ದಳು. ಎಡಕ್ಕೆ ಕಾಫಿ ಅಂಗಡಿಯ ಅದೇ ಕಾಳಿನ ಮುದುಕ. ಅವನು ಕಾಗದದ ಪೊಟ್ಟಣವನ್ನು ನಮ್ಮಿಬ್ಬರ ನಡುವೆ ಇಟ್ಟ. ನಾನು ಈಗ ಸಿಪ್ಪೆ ಬಿಡಿಸಿ ತಿನ್ನುತ್ತಿದ್ದೆ. ಅವನಿಗೆ ಹೆಮ್ಮೆಯಾಯಿತು.

ಆಟಕ್ಕೆ ಇನ್ನೂ ಸಮಯವಿತ್ತು. ಇಬ್ಬರೂ ಗೋಲ್‌ಕೀಪರುಗಳು ನಮ್ಮ ಕಡೆಯ ಗೋಲಿಗೆ ಬಂದರು. ಜನ ಟಿಯಾಗೊನ ಹೆಸರು ಕೂಗಿದರು. ಅರ್ಮಾಂಡೊ ಒದೆಯಲು ಶುರುಮಾಡಿದ. ಜೋರಿತ್ತು. ಹುಡುಗ ಎಡಕ್ಕೆ ಹಾರಿ ಒಂದು ಚೆಂಡನ್ನು ಬೆರಳ ತುದಿಯಿಂದ ತಳ್ಳಿದ, ಬಿದ್ದ, ಎದ್ದ. ಎದ್ದವನು ಒಂದು ಗಳಿಗೆ ನಮ್ಮ ಕಡೆ ಮುಖ ಮಾಡಿ ನಿಂತ. ಕೈಗವಸಿನ ಪಟ್ಟಿ ಬಿಗಿ ಮಾಡಿಕೊಂಡ. ನಾನು ಕಂಡದ್ದು ಅಷ್ಟೇ.

ಅದರ ಮುಂದಿನ ಚೆಂಡನ್ನು ಅವನು ಹಿಡಿಯಲಿಲ್ಲ, ಮುಷ್ಟಿಯಿಂದ ಗುದ್ದಿದ. ಅದರ ಮುಂದಿನದನ್ನೂ ಗುದ್ದಿದ. ಅರ್ಮಾಂಡೊ ನಿಂತ. ಬಗ್ಗಿ ಬೂಟಿನ ದಾರ ಬಿಚ್ಚಿ ಕಟ್ಟಿದ. ಆಮೇಲೆ ಅವನು ಒದೆದ ಚೆಂಡುಗಳೆಲ್ಲ ಮೆತ್ತಗಾದವು. ಎಲ್ಲ ಹುಡುಗನ ಬಲಗಡೆಗೇ ಉರುಳಿ ಬರುತ್ತಿದ್ದವು. ಮುದುಕ ಸಿಳ್ಳೆ ಹಾಕಿ, ಅರ್ಮಾಂಡೊನ ಕಡೆ ಕೈ ಮಾಡಿ, ಗಡ್ಡ ಎಳೆದು ತೋರಿಸಿದ. ಅಜ್ಜನಾದ ಎಂದು. ಸುತ್ತ ನಕ್ಕರು. ನಾನೂ ನಕ್ಕೆ. ಕೊನೆಯ ದಿನ, ಆಡಲಿಕ್ಕಂತೂ ಇಲ್ಲ, ಹೊತ್ತು ಕಳೆಯುತ್ತಿದ್ದಾನೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅರ್ಮಾಂಡೊ ಚೆಂಡನ್ನು ಹಾಗೆಯೇ ಬಿಟ್ಟು, ಮೈದಾನದ ಅಂಚಿನಲ್ಲಿ ಔಷಧಿ ಚೀಲ ಹಿಡಿದು ನಿಂತಿದ್ದ ರುಬೀನಾಳ ಹತ್ತಿರ ನಡೆದ. ಹುಡುಗ ಅವನ ಬೆನ್ನ ಹಿಂದೆಯೇ ಓಡಿದ. ಮೂವರೂ ಕಟ್ಟಡದೊಳಗೆ ಹೋದರು.

ಸುರಂಗ

ಇದು ನಾನು ಕಂಡದ್ದಲ್ಲ. ಮೈದಾನಕ್ಕೂ ಬಟ್ಟೆ ಬದಲಿಸುವ ಕೋಣೆಗೂ ನಡುವೆ ಒಂದು ಸುರಂಗದಂಥ ದಾರಿ ಇದೆ, ಅಲ್ಲಿ ನಡೆದದ್ದು. ರುಬೀನಾ ಇದನ್ನು ನನಗೆ ಎರಡು ಸಲ ಹೇಳಿದ್ದಾಳೆ. ಮೊದಲ ಸಲ ಎಲ್ಲರೂ ಕೂಗಾಡಿದ್ದರು; ಎರಡನೆಯ ಸಲ ಯಾರೂ ದನಿ ಏರಿಸಿರಲಿಲ್ಲ. ಅವಳ ಅನುವಾದದಿಂದಾಗಿ ನನ್ನ ತಲೆಯಲ್ಲಿ ಎಲ್ಲರೂ ನವಲಗುಂದದ ಕನ್ನಡ ಆಡುತ್ತಾರೆ. ಅದನ್ನು ತಿದ್ದುವುದು ನನ್ನಿಂದಾಗದು.

ಅರ್ಮಾಂಡೊ ಅಂದದ್ದು: "ಅವನ ಎಡಗೈ ನೋಡ್ರಿ."

ಟಿಯಾಗೊ ಕೈಗವಸು ತೆಗೆಯಲಿಲ್ಲ. "ಏನೂ ಆಗಿಲ್ಲ. ನಾ ಆಡ್ತೀನಿ."

ರುಬೀನಾ ಕೈಗವಸಿನ ಮೇಲಿಂದಲೇ ಉಂಗುರದ ಬೆರಳನ್ನು ಮೆಲ್ಲಗೆ ಒತ್ತಿದಳು. ಹುಡುಗ ಕೈ ಕಿತ್ತುಕೊಂಡ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ತರಬೇತುದಾರ ಬಂದ. ಅಲ್ಲಿ ಆಟಗಾರರು ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಬರೀ 'ಮಿಸ್ಟರ್' ಎನ್ನುತ್ತಾರೆ, ನಾವು ಶಾಲೆಯಲ್ಲಿ 'ಸರ್' ಎಂದ ಹಾಗೆ. ಮಿಸ್ಟರ್ ರುಬೀನಾಳ ಮುಖ ನೋಡಿದ. ಅವಳು, "ಆಡಬಾರ್ದು" ಎಂದಳು.

ಆಗ ಟಿಯಾಗೊ ಅರ್ಮಾಂಡೊನ ಕಡೆ ತಿರುಗಿದ. "ವರ್ಷಪೂರ್ತಿ ಇದನ್ನ ಕಾಯಾಕತ್ತಿದ್ದೆಲ್ಲ. ಸಿಕ್ತ? ಸಮಾಧಾನ ಆತ?"

ಆ ದಾರಿಯಲ್ಲಿ ಆಗ ಇಡೀ ತಂಡ ನಿಂತಿತ್ತಂತೆ. ಗೋಲ್‌ಕೀಪರುಗಳ ನಡುವೆ ಇದಕ್ಕಿಂತ ಕೆಟ್ಟ ಮಾತಿಲ್ಲ ಎಂದು ರುಬೀನಾ ಹೇಳುತ್ತಾಳೆ. ಜೊತೆಯವನನ್ನು ಹೊರಗೆ ಹಾಕಿ ಒಳಗೆ ಬಂದವನು ಎಂಬ ಹೆಸರು ಬಂದರೆ, ಆಟ ಬಿಟ್ಟ ಮೇಲೂ ಅದು ಬಿಡುವುದಿಲ್ಲ. ಅರ್ಮಾಂಡೊಗೆ ಉಳಿದದ್ದು ಅದೊಂದೇ ದಿನ. ಅವನು ವರ್ಷವಿಡೀ ಬಯಸಿದ ಪಂದ್ಯ ಅವನ ಮುಂದಿತ್ತು, ಮತ್ತು ಅದನ್ನು ಮುಟ್ಟಿದರೆ ಕೈ ಹೊಲಸಾಗುತ್ತಿತ್ತು.

ಅವನು ಮಿಸ್ಟರ್‌ಗೆ, "ಹಂಗಾದ್ರ ನಾನೂ ಆಡೂದಿಲ್ಲ. ಮೂರನೇದವನ್ನ ಆಡಸ್ರಿ" ಎಂದ.

ಮೂರನೆಯ ಗೋಲ್‌ಕೀಪರ್ ಎಂದರೆ ಇನ್ನೂ ಮೀಸೆ ಸರಿಯಾಗಿ ಬಾರದ ಒಬ್ಬ. ಜನರೆದುರು ಒಮ್ಮೆಯೂ ಆಡಿದವನಲ್ಲ. ಗೋಡೆಗೆ ಒರಗಿ ಬಾಳೆಹಣ್ಣು ತಿನ್ನುತ್ತಿದ್ದ. ಅರ್ಧ ಹಣ್ಣು ಬಾಯಲ್ಲಿ ಹಾಗೇ ನಿಂತಿತು.

ಮಿಸ್ಟರ್ ಹೇಳಿದನಂತೆ, "ನಿನ್ನ ಹೆಸರ ತೊಳಕೊಳ್ಳಾಕ ನನ್ನ ಟೀಮ್ ಏನ ಬಚ್ಚಲ ನೀರೇನ? ನನಗ ಒಳ್ಳೆಯವರು ಬ್ಯಾಡ. ಗೋಲ್‌ಕೀಪರ್ ಬೇಕು. ಗ್ಲೌಸ್ ಹಾಕ್ಕೋ."

ಬಚ್ಚಲ ನೀರು ಪೋರ್ಚುಗೀಸಿನಲ್ಲಿ ಹೇಗೆ ಬಂತು ಎಂದು ಕೇಳಿದೆ. "ಅಂವ ಬ್ಯಾರೆ ಏನೋ ಅಂದ್ರಿ. ಅದನ್ನ ನಿಮ್ಮ ಮುಂದ ಹೇಳಾಕ ಬರೂದಿಲ್ಲ" ಎಂದಳು ರುಬೀನಾ.

ಈ ಮಾತಿನ ಬಗ್ಗೆ ನಾವಿಬ್ಬರೂ ಆಮೇಲೆ ಬಹಳ ವಾದ ಮಾಡಿದ್ದೇವೆ. ಸಿಕ್ಕ ಅವಕಾಶ ಬಿಟ್ಟುಕೊಡಲು ಹೊರಟದ್ದು ದೊಡ್ಡತನ ಎಂದು ನಾನು. "ದೊಡ್ಡತನ ಅಲ್ರಿ ಮಾಮು, ಸೊಕ್ಕು" ಎಂದು ಅವಳು. "ಆ ಸಣ್ಣ ಹುಡುಗ ನಿಂತಿದ್ರ ನಾಕ ಗೋಲ್ ಆಗ್ತಿದ್ವು. ಇವನ ಹೆಸರು ಸ್ವಚ್ಛ ಉಳೀತಿತ್ತು, ಇಷ್ಟೂ ಮಂದಿ ಕೆಲಸ ಹೋಗ್ತಿತ್ತು. ಅದರಾಗ ನಂದೂ ಒಂದು." ಮಗ್ಗದ ಬಗ್ಗೆ ಅವಳ ತಾಯಿ ನನ್ನ ಬಾಯಿ ಮುಚ್ಚಿಸಿದ ರೀತಿಯಲ್ಲೇ ಇವಳೂ ಮುಚ್ಚಿಸಿದಳು.

ಮತ್ತೆ ಗೋಲಿನ ಹಿಂದೆ

ಇಲ್ಲಿಂದ ಮತ್ತೆ ನನ್ನ ಕಣ್ಣು.

ಅರ್ಮಾಂಡೊ ಒಬ್ಬನೇ ಹೊರಗೆ ಬಂದ. ಮೈಮೇಲೆ ಈಗ ಆಡುವವನ ಅಂಗಿ. ಜನರಲ್ಲಿ ಗುಜುಗುಜು ಎದ್ದಿತು. ಕಾಳಿನ ಮುದುಕ ಎದ್ದು ನಿಂತು ನನ್ನನ್ನು ಏನೋ ಕೇಳಿದ, ನಾನು ತಂಡದ ಮಾಲೀಕನೋ ಎಂಬಂತೆ. ನಾನು ಭುಜ ಕುಣಿಸಿದೆ.

ಅರ್ಮಾಂಡೊ ಗೋಲಿನ ನಡುವೆ ನಿಂತು ಕಾದ. ಯಾರಿಗೆ ಕಾಯುತ್ತಿದ್ದಾನೆ ಎಂದು ತಕ್ಷಣ ಹೊಳೆಯಲಿಲ್ಲ. ದಿನವೂ ಒದೆಯುವವನು ಅವನೇ. ಈಗ ಅವನಿಗೆ ಒದೆಯುವವರು ಯಾರು? ಮೂರನೆಯವನು ಸುರಂಗದ ಬಾಯಿಗೆ ಬಂದು ನಿಂತಿದ್ದ, ಮುಂದೆ ಬರಲು ಧೈರ್ಯವಾಗದೆ. ಅವನನ್ನು ಬದಿಗೆ ಸರಿಸಿ ಟಿಯಾಗೊ ಬಂದ. ಎಡಗೈಯ ಎರಡು ಬೆರಳು ಸೇರಿಸಿ ಬಿಳಿ ಪಟ್ಟಿ ಕಟ್ಟಿದ್ದರು. ಕಾಲಿಗೆ ಏನೂ ಆಗಿರಲಿಲ್ಲವಲ್ಲ. ಒಂದು ಚೆಂಡು ಇಟ್ಟುಕೊಂಡ.

ನಾನು ಕುಳಿತ ಜಾಗದಿಂದ ಅರ್ಮಾಂಡೊನ ಬೆನ್ನು, ಟಿಯಾಗೊನ ಮುಖ ಕಾಣುತ್ತಿತ್ತು.

ಮೊದಲ ಒದೆತ ಮೇಲಿನ ಮೂಲೆಗೆ. ಅರ್ಮಾಂಡೊ ಹಾರುವ ಮೊದಲೇ ಬಲೆ ನನ್ನ ಮುಖದ ಮುಂದೆ ಉಬ್ಬಿತು. ಎರಡನೆಯದು ನೆಲಕ್ಕೆ ಹತ್ತಿ, ಇನ್ನೊಂದು ಮೂಲೆಗೆ. ಅದೂ ಒಳಗೆ. ಮತ್ತೊಂದು ಅವನ ಭುಜಕ್ಕೆ ಬಡಿದು ಹಾರಿತು. ಜನ ನಗತೊಡಗಿದರು. ಕೊನೆಗೂ ಸಿಕ್ಕ ಪಂದ್ಯಕ್ಕೆ ಇಳಿಯುತ್ತಿರುವವನನ್ನು, ಇಳಿಯುವ ಮೊದಲೇ, ಊರೆದುರು ಬೀಳಿಸುತ್ತಿದ್ದ ಹುಡುಗ. ಅವನ ತುಟಿ ಬಿಗಿದಿತ್ತು. ಅರ್ಮಾಂಡೊ ಪ್ರತಿ ಸಲ ಎದ್ದು, ಬಲೆಯಿಂದ ಚೆಂಡು ತೆಗೆದು, ಅವನ ಕಾಲಿಗೆ ಸರಿಯಾಗಿ ಉರುಳಿಸಿ ಕೊಡುತ್ತಿದ್ದ. ಒಂದು ಸಲ ಚೆಂಡು ತೆಗೆಯಲು ಬಗ್ಗಿದಾಗ ಅವನ ಮುಖ ನನಗೆ ಒಂದು ಮೊಳ ದೂರದಲ್ಲಿ ಬಂತು. ಅದರಲ್ಲಿ ಸಿಟ್ಟಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಏನಿತ್ತೋ ನನಗೆ ಗೊತ್ತಾಗಲಿಲ್ಲ. ಬೆವರಿತ್ತು.

ಎಲ್ಲರೂ ಒಳಗೆ ಬರಬೇಕೆಂದು ಕರೆ ಬಂತು. ಆಟಕ್ಕೆ ಮುಂಚಿನ ತಯಾರಿ ಮುಗಿಯುವ ಹೊತ್ತು. ಟಿಯಾಗೊ ಚೆಂಡಿನ ಮೇಲೆ ಕಾಲಿಟ್ಟು ನಿಂತ. ಬಹಳ ಹೊತ್ತು ನಿಂತ ಎಂದು ನನ್ನ ನೆನಪು; ಅಷ್ಟು ಹೊತ್ತು ನಿಲ್ಲಲು ಅಲ್ಲಿ ಸಮಯ ಇರಲಿಲ್ಲ ಎಂದು ಬುದ್ಧಿ ಹೇಳುತ್ತದೆ. ಆಮೇಲೆ ಪಾದದ ಒಳಬದಿಯಿಂದ, ಎದೆಯ ಎತ್ತರಕ್ಕೆ, ಸೀದಾ ಕೈಗೆ ಒಂದು ಚೆಂಡು ಕಳಿಸಿದ. ಅರ್ಮಾಂಡೊ ಹಿಡಿದ. ಟಪ್ ಎಂದು ಸದ್ದಾಯಿತು. ಇನ್ನೊಂದು ಹಾಗೆಯೇ. ಟಪ್. ಇನ್ನೊಂದು. ಎಷ್ಟು ಎಂದು ಕೇಳಬೇಡಿ. ಆಮೇಲೆ ಹುಡುಗ ಅವನ ಕಡೆ ನೋಡದೆ ತಿರುಗಿ ನಡೆದುಬಿಟ್ಟ.

ಆಟ

ಆಟದ ಬಗ್ಗೆ ಹೆಚ್ಚು ಬರೆಯಲಾರೆ. ನನಗೆ ಆಟ ತಿಳಿಯುವುದಿಲ್ಲ, ಅರ್ಧ ಹೊತ್ತು ಅರ್ಮಾಂಡೊ ಆಚೆಯ ತುದಿಯ ಗೋಲಿನಲ್ಲಿದ್ದ.

ಆಚೆ ಇದ್ದಾಗಲೇ ಒಂದು ಗೋಲು ಹೋಯಿತು. ದೂರದಿಂದ ಬಂದ ಚೆಂಡು, ಅವನು ಒಂದು ಗೇಣು ತಡವಾಗಿ ಬಿದ್ದ. ಮುದುಕ ಒಂದೇ ಶಬ್ದ ಅಂದ. ಆ ಶಬ್ದವನ್ನು ಕೇಳಿ ಕಲಿತು ಆಮೇಲೆ ರುಬೀನಾಳಿಗೆ ಹೇಳಿದೆ. ಅವಳು ಇನ್ನೊಮ್ಮೆ ಎಲ್ಲಿಯೂ ಅನ್ನಬೇಡಿ ಎಂದಳು. ಟಿಯಾಗೊ ಇದ್ದಿದ್ದರೆ ಹಿಡಿಯುತ್ತಿದ್ದ ಎಂದು ಸುತ್ತಲಿನವರೆಲ್ಲ ಕೈಸನ್ನೆಯಲ್ಲೇ ನನಗೆ ಹೇಳಿದರು. ಹುಡುಗನ ಬೆರಳಿನ ಪಟ್ಟಿಯನ್ನು ಅವರೂ ಕಂಡಿದ್ದರು, ಆದರೆ ಅಷ್ಟಕ್ಕೇ ಹೊರಗೆ ಕೂರಿಸಿದ್ದೆಂದು ನಂಬಲಿಲ್ಲ. ದೊಡ್ಡ ಕ್ಲಬ್ಬು ಆಗಲೇ ಕೊಂಡುಕೊಂಡಿದೆ, ಪೆಟ್ಟಾಗದಿರಲೆಂದು ಆಡಿಸುತ್ತಿಲ್ಲ ಎಂದು ಒಂದು ಮಾತು ಹುಟ್ಟಿ, ಅರ್ಧವೇಳೆಗೆ ಅದೇ ಸತ್ಯವಾಗಿತ್ತು. ಇವತ್ತಿಗೂ ಆ ಕಾಫಿ ಅಂಗಡಿಯಲ್ಲಿ ಅದೇ ಸತ್ಯವಿರಬೇಕು.

ಎರಡನೆಯ ಅರ್ಧದಲ್ಲಿ ಅವನು ನಮ್ಮ ಕಡೆಯ ಗೋಲಿಗೆ ಬಂದ. ನಮ್ಮವರು ಒಂದು ಗೋಲು ಹೊಡೆದು ಸಮ ಮಾಡಿದರು. ನಮ್ಮವರು ಎಂದುಬಿಟ್ಟೆ. ಕೊನೆಯ ಹೊತ್ತಿಗೆ ಎದುರಾಳಿ ತಂಡದವನೊಬ್ಬ ಒಂಟಿಯಾಗಿ ಚೆಂಡು ತಂದ. ಅರ್ಮಾಂಡೊ ಗೋಲು ಬಿಟ್ಟು ಮುಂದೆ ಓಡಿ, ಕಾಲು ಕೈ ಅಗಲಿಸಿ, ಕೊಟ್ಟಿಗೆಯಿಂದ ತಪ್ಪಿಸಿಕೊಂಡ ಕರುವನ್ನು ತಡೆಯುವವನ ಹಾಗೆ ನಿಂತ. ಚೆಂಡು ಅವನ ಮೊಣಕಾಲ ಕೆಳಗೆ ಬಡಿದು ಹೊರಗೆ ಹೋಯಿತು. ನೋಡಲು ಚೆಂದವಿರಲಿಲ್ಲ.

ಸಮವಾಗಿಯೇ ಮುಗಿಯಿತು. ಕ್ಲಬ್ಬು ಉಳಿಯಿತು. ಜನ ಬೇಲಿ ಹಾರಿ ಒಳಗೆ ನುಗ್ಗಿ, ಗೋಲು ಹೊಡೆದವನನ್ನು ಎತ್ತಿಕೊಂಡು ಹೋದರು. ಈ ತುದಿಯಲ್ಲಿ ನಾನು ಮತ್ತು ಅರ್ಮಾಂಡೊ ಉಳಿದೆವು. ಅವನು ಕಂಬದ ಬುಡದಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡು, ನನ್ನ ತಲೆಯ ಮೇಲಿನ ಟವೆಲ್ ನೋಡಿ, ಏನೋ ಹೇಳಿದ. ನಾನು ಹೌದು ಎಂದು ತಲೆಯಾಡಿಸಿದೆ. ಯಾವುದಕ್ಕೆ ಹೌದು ಎಂದೆನೋ.

ಕಾರಿನಲ್ಲಿ

ಟಿಯಾಗೊನ ಬೆರಳಿನ ಎಲುಬು ಬಿರುಕು ಬಿಟ್ಟಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟರೆ ಅದು ತೀರ್ಪಿನ ಹಾಗೆ ಕೇಳುತ್ತದೆ. ಕಾರಿನಲ್ಲಿದ್ದಾಗ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಎಕ್ಸ್‌ರೇ ತೆಗೆಸಲು ರುಬೀನಾ ಹುಡುಗನನ್ನು ತನ್ನ ಸಣ್ಣ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ನನ್ನನ್ನು ಮನೆಗೆ ಬಿಡಲು ಬೇರೆ ಯಾರೂ ಇರಲಿಲ್ಲ, ನಾನೂ ಹಿಂದೆ ಕುಳಿತೆ. ನನ್ನ ಪಕ್ಕ ಟಿಯಾಗೊ, ತೊಡೆಯ ಮೇಲೆ ಐಸಿನ ಚೀಲ, ಅದರ ಮೇಲೆ ಕೈ. ಹೊರಡುವಾಗ ಮುಂದಿನ ಬಾಗಿಲು ತೆರೆಯಿತು. ಯಾರೂ ಕರೆಯದ ಅರ್ಮಾಂಡೊ ಒದ್ದೆ ಕೂದಲಲ್ಲಿ ಬಂದು ಕುಳಿತ, ಮಂಡಿ ಎದೆಗೆ ತಾಗುವ ಹಾಗೆ. ಟಿಯಾಗೊ ಕಿಟಕಿಯ ಆಚೆ ನೋಡತೊಡಗಿದ.

ದಾರಿಯುದ್ದಕ್ಕೂ ಕಾರುಗಳು ಹಾರ್ನ್ ಹೊಡೆಯುತ್ತ ಸಂಭ್ರಮದಿಂದ ಓಡುತ್ತಿದ್ದವು. ನಮ್ಮ ಕಾರಿನೊಳಗೆ ರುಬೀನಾ ಅಡ್ಡ ಬಂದವರಿಗೆ, "ಏ, ಕಣ್ಣ ಕಾಣ್ಸೂದಿಲ್ಲೇನಲೇ" ಎಂದು ಬೈಯುವುದನ್ನು ಬಿಟ್ಟರೆ ಬೇರೆ ಮಾತಿಲ್ಲ. ನನಗೆ ತಡೆಯಲಾಗಲಿಲ್ಲ.

"ರುಬೀನಾ, ಅವನ್ನ ಒಂದು ಮಾತು ಕೇಳ ಬೇ. ಟಿಯಾಗೊನ ಕೈ ಬಗ್ಗೆ ಹೇಳಾಕ ಬಂದಾಗ, ಆಡಬೇಕಂತ ಆಸೆ ಇತ್ತೋ ಇಲ್ಲೋ?"

"ಬ್ಯಾಡ್ರಿ ಮಾಮು. ಈಗ ಅದನ್ನ ಕೇಳ್ತಾರೇನ್ರಿ?"

"ಊರಾಗ ಹೋಗಿ ಏನಂತ ಬರೀಲಿ?"

"ಏನರೆ ಬರೀರಿ. ಬರೀತೀರಲ್ಲ ಹೆಂಗೂ."

ಆದರೂ ಕೇಳಿದಳು. ನಾನು ಕೇಳಿದ್ದನ್ನೇ ಕೇಳಿದಳೋ, ಮೆತ್ತಗೆ ಮಾಡಿ ಕೇಳಿದಳೋ. ಅರ್ಮಾಂಡೊ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ತಿರುವು ಕಳೆದ ಮೇಲೆ ನಿಧಾನವಾಗಿ ಏನೋ ಹೇಳಿದ. ಮಧ್ಯೆ ನಿಲ್ಲಿಸಿದ. ಮತ್ತೆ ಹೇಳಿದ.

ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಪಕ್ಕದಲ್ಲಿದ್ದವನಿಗೆ ತಿಳಿಯುತ್ತಿತ್ತು. ಹಾಗಾಗಿ ಉತ್ತರ ನನ್ನ ಕಿವಿಗೆ ಬರುವ ಮೊದಲು ಟಿಯಾಗೊನ ಮುಖಕ್ಕೆ ಬಂತು. ಅವನು ಕಿಟಕಿಯಿಂದ ತಲೆ ತಿರುಗಿಸಿದ. ಮುಂದಿನ ಸೀಟಿನ ಮೇಲಿಂದ ಕಾಣುತ್ತಿದ್ದ ಆ ಒದ್ದೆ ತಲೆಯನ್ನು ದಿಟ್ಟಿಸಿದ. ಆಮೇಲೆ ಮೂಗಿನಲ್ಲಿ ನಕ್ಕು, ಚಿಕ್ಕದಾಗಿ ಏನೋ ಅಂದ.

"ಏನಂದ ಬೇ ಅರ್ಮಾಂಡೊ? ಲಗೂನ ಹೇಳ."

ರುಬೀನಾ ಹೇಳಿದಳು, "ಇತ್ತು ಅಂತಾನ್ರಿ. ಸೀಸನ್ ಚಾಲೂ ಆದ ಆಗಸ್ಟದಿಂದ ದಿನಾ ಇತ್ತಂತ. ಆ ಬೆರಳ ನೋಡಿದಾಗೂ ಇತ್ತಂತ, ಹೇಳಾಕ ಬಂದಾಗೂ ಇತ್ತಂತ. ಆಸೆ ಹೋಗ್ಲಿ, ಮನಸು ಸ್ವಚ್ಛ ಆಗ್ಲಿ, ಆಮ್ಯಾಲೆ ಹೇಳೂಣು ಅಂತ ಕುಂತಿದ್ರ ಆಟ ಮುಗದ ಹೋಗ್ತಿತ್ತು ಅಂತಾನ."

ನಾನು ಪಕ್ಕದ ಟಿಯಾಗೊನ ಕಡೆ ಬೆರಳು ಮಾಡಿದೆ. ಆಮೇಲೆ, "ಮತ್ತ ಇಂವ ಯಾಕ ನಕ್ಕ?" ಎಂದೆ.

ರುಬೀನಾ ಗೇರ್ ಬದಲಿಸಿದಳು. "ಸುಳ್ಳ ಹೇಳಬ್ಯಾಡ ಅಂತಾನ್ರಿ. ಆಗಸ್ಟ್ ಅಲ್ಲಂತ, ಜುಲೈ. ಪ್ರಾಕ್ಟೀಸ್ ಚಾಲೂ ಆದ ದಿನಾನ ಅರ್ಮಾಂಡೊ ಇವನ ಮೂಗಿಗೆ ಬಾಲ್ ಹೊಡದಿದ್ದನಂತ."

ಅರ್ಮಾಂಡೊ ಹಿಂದಿರುಗಿ ನೋಡದೆ ಎರಡೇ ಶಬ್ದ ಅಂದ. ರುಬೀನಾ ಅದನ್ನು ಅನುವಾದಿಸಲಿಲ್ಲ. ಟಿಯಾಗೊ ಈ ಸಲ ಬಾಯ್ತುಂಬ ನಕ್ಕ. ನಗುವಾಗ ಕೈ ಅಲುಗಿ ನೋವಾಗಿರಬೇಕು, ಐಸಿನ ಚೀಲವನ್ನು ಒತ್ತಿ ಹಿಡಿದುಕೊಂಡು, ಬೈಯುತ್ತ, ಆದರೂ ನಗುತ್ತಲೇ ಇದ್ದ.